ಸೌದೆ ಮಾರಿದ ಸೇನಾನಿ

ಯುಲಿಸಿಸ್ ಗ್ರಾಂಟನ ಆತ್ಮಕಥೆಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಅದೊಂದು ಯುದ್ಧದ ಪುಸ್ತಕವೆಂದೇ ನಾನು ಭಾವಿಸಿದ್ದೆ. ಅಮೆರಿಕದ ಅಂತರ್ಯುದ್ಧವನ್ನು ಗೆದ್ದ ಸೇನಾನಿ, ಎರಡು ಅವಧಿಗೆ ಆ ದೇಶದ ಅಧ್ಯಕ್ಷನಾಗಿದ್ದವನು, ಬೇರೇನನ್ನು ತಾನೆ ಬರೆದಾನು? ಆದರೆ ಅದನ್ನು ಯಾವ ಸ್ಥಿತಿಯಲ್ಲಿ ಬರೆದನೆಂಬುದು ತಿಳಿದ ಮೇಲೆ, ಆ ಎರಡು ಸಂಪುಟಗಳು ಒಬ್ಬ ಮನೆಯ ಯಜಮಾನನ ಕಡೆಯ ದುಡಿಮೆಯಾಗಿ ನನಗೆ ಕಂಡವು.

ಗ್ರಾಂಟನು 1822ರಲ್ಲಿ ಒಹಾಯೊ ಸೀಮೆಯಲ್ಲಿ ಹುಟ್ಟಿದನು. ತಂದೆ ಚರ್ಮ ಹದಮಾಡುವ ಕಸುಬಿನವನು. ಆ ಕಸುಬು ಹುಡುಗನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅವನ ಮನಸ್ಸೆಲ್ಲ ಕುದುರೆಗಳ ಮೇಲೆ. ತಂದೆಯ ಇಚ್ಛೆಯಂತೆ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಸೇರಿ, 1843ರಲ್ಲಿ 39 ಮಂದಿಯ ತರಗತಿಯಲ್ಲಿ 21ನೆಯವನಾಗಿ ಹೊರಬಂದನು. ಮೆಕ್ಸಿಕೋ ಯುದ್ಧದಲ್ಲಿ ಹೋರಾಡಿ, 1848ರಲ್ಲಿ ಜೂಲಿಯಾಳ ಕೈಹಿಡಿದನು. ಮುಂದೆ ಪಶ್ಚಿಮ ಕರಾವಳಿಯ ದೂರದ ಠಾಣ್ಯಗಳಿಗೆ ಅವನನ್ನು ಕಳುಹಿಸಿದರು. ಸೈನ್ಯದ ಸಂಬಳದಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆಸಿಕೊಳ್ಳುವಂತಿರಲಿಲ್ಲ. ಒಂಟಿತನ ಅವನನ್ನು ಹಿಂಡಿತು. ಕುಡಿಯುತ್ತಾನೆಂಬ ಮಾತೂ ಹಬ್ಬಿತು. 1854ರಲ್ಲಿ ರಾಜೀನಾಮೆ ಕೊಟ್ಟು ಬರಿಗೈಯಲ್ಲಿ ಮನೆಗೆ ಮರಳಿದನು.

ಮುಂದಿನ ಏಳು ವರ್ಷಗಳಲ್ಲಿ ಯುದ್ಧದ ಚರಿತ್ರೆ ಬರೆಯುವವರಿಗೆ ಬೇಕಾದದ್ದು ಏನೂ ಇಲ್ಲ. ನನಗಾದರೋ ಅವೇ ಮುಖ್ಯವಾಗಿ ತೋರುತ್ತವೆ. ಸೈಂಟ್ ಲೂಯಿ ನಗರದ ಬಳಿ ಮಾವ ಕೊಟ್ಟ ನೆಲದಲ್ಲಿ ಗ್ರಾಂಟನು ಮರ ಕಡಿದು, ದಿಮ್ಮಿ ಕೆತ್ತಿ, ಮನೆ ಎಬ್ಬಿಸಿದನು, ಬೇಸಾಯಕ್ಕೆ ಇಳಿದನು. ಬೆಳೆ ಸಾಲದೆ ಬಂದಾಗ ಬಂಡಿಗೆ ಸೌದೆ ಹೇರಿಕೊಂಡು ಹೋಗಿ ನಗರದ ಬೀದಿಗಳಲ್ಲಿ ಮಾರಿದನು. 1857ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬ ಎರಡು ದಿನವಿದೆ ಎನ್ನುವಾಗ, ತನ್ನ ಚಿನ್ನದ ಗಡಿಯಾರವನ್ನು 22 ಡಾಲರಿಗೆ ಒತ್ತೆಯಿಟ್ಟನು.

ಮಾವನದು ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನ. ಅಳಿಯನ ಒಡೆತನಕ್ಕೂ ವಿಲಿಯಂ ಜೋನ್ಸ್ ಎಂಬ ಒಬ್ಬ ಗುಲಾಮ ಬಂದಿದ್ದನು. ಮನುಷ್ಯನನ್ನು ಆಸ್ತಿಯಾಗಿ ಇಟ್ಟುಕೊಂಡ ಕಳಂಕದಿಂದ ಗ್ರಾಂಟನನ್ನು ನಾವು ಬಿಡಿಸಲಾರೆವು. ಆದರೆ ಮಾರಿದ್ದರೆ ಕೈತುಂಬ ಹಣ ಬರುತ್ತಿದ್ದ ಆ ಮನುಷ್ಯನಿಗೆ, ಮನೆಯಲ್ಲಿ ಕಾಸಿಗೆ ತತ್ವಾರವಾಗಿದ್ದ 1859ರಲ್ಲಿ, ಅವನು ಬಿಡುಗಡೆಯ ಪತ್ರ ಬರೆದುಕೊಟ್ಟನೆಂಬುದನ್ನೂ ಮರೆಯಲಾಗದು. ಕೊನೆಗೆ 1860ರಲ್ಲಿ, ಹುಡುಗತನದಲ್ಲಿ ದೂರವಿಟ್ಟಿದ್ದ ಚರ್ಮದ ವ್ಯಾಪಾರಕ್ಕೇ ಬಂದು, ಗಲೀನಾ ಊರಿನ ತಂದೆಯ ಅಂಗಡಿಯಲ್ಲಿ ತಮ್ಮಂದಿರ ಜೊತೆ ಕೆಲಸಕ್ಕೆ ನಿಂತನು.

ಮರುವರ್ಷ ಯುದ್ಧ ಬಂದಿತು. ಅದರ ಕಥೆ ಲೋಕಪ್ರಸಿದ್ಧ. 1863ರಲ್ಲಿ ವಿಕ್ಸ್‌ಬರ್ಗ್ ಅವನ ಕೈಸೇರಿತು. 1864ರಲ್ಲಿ ಸಮಸ್ತ ಸೈನ್ಯದ ಹೊಣೆ ಅವನ ಹೆಗಲಿಗೇರಿತು. ಅವನ ಗೆಲುವುಗಳಿಗೆ ತೆತ್ತ ಪ್ರಾಣಗಳೂ ಕಡಮೆಯಲ್ಲ. 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸಿನಲ್ಲಿ ಲೀ ಶರಣಾದಾಗ, ಸೋತ ಸೈನಿಕರು ತಮ್ಮ ಕುದುರೆಗಳನ್ನು ಉಳುಮೆಗಾಗಿ ಮನೆಗೆ ಕೊಂಡೊಯ್ಯಲಿ ಎಂದು ಬಿಟ್ಟುಕೊಟ್ಟನು. ನೇಗಿಲು ಹಿಡಿದು ಸೋತಿದ್ದವನಿಗೆ ಮಾತ್ರ ಹೊಳೆಯಬಹುದಾದ ಔದಾರ್ಯವಿದು.

1869ರಿಂದ 1877ರವರೆಗೆ ಅವನು ಅಧ್ಯಕ್ಷನಾಗಿದ್ದನು. ಬಿಡುಗಡೆಯಾದ ಕರಿಯರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನಿನ ಮೇಲೆ ಕಾನೂನಿನ ಬಲವನ್ನು ಪ್ರಯೋಗಿಸಿದನು. ಆದರೆ ನಂಬಿದವರನ್ನು ಶಂಕಿಸಲಾರದ ಅವನ ಸ್ವಭಾವ ಆಡಳಿತಕ್ಕೆ ಅಪಕೀರ್ತಿಯನ್ನೂ ತಂದಿತು. ಅನಂತರ ಲೋಕಸಂಚಾರ ಮಾಡುತ್ತ 1879ರಲ್ಲಿ ನಮ್ಮ ದೇಶಕ್ಕೂ ಬಂದುಹೋದನು.

ಆ ಸ್ವಭಾವವೇ ಮನೆಯನ್ನೂ ಮುಳುಗಿಸಿತು. ಮಗನ ಪಾಲುಗಾರನಾಗಿದ್ದ ಫರ್ಡಿನೆಂಡ್ ವಾರ್ಡ್ ಎಂಬವನನ್ನು ನಂಬಿ ತನ್ನ ಹಣವನ್ನೆಲ್ಲ ಅವನ ಕೈಗೊಪ್ಪಿಸಿದ್ದನು. 1884ರ ಮೇ ತಿಂಗಳಲ್ಲಿ ಆ ವ್ಯವಹಾರ ಬರಿಯ ಮೋಸವೆಂದು ಹೊರಬಿದ್ದಿತು. ಗಂಡಹೆಂಡಿರಿಬ್ಬರ ಬಳಿಯೂ ಸೇರಿ ಉಳಿದದ್ದು ಸುಮಾರು 200 ಡಾಲರ್. ಸಾಲ ತೀರಿಸಲೆಂದು ತನ್ನ ಖಡ್ಗಗಳನ್ನೂ ಪದಕಗಳನ್ನೂ ಗ್ರಾಂಟನು ಸಾಲ ಕೊಟ್ಟ ವಾಂಡರ್‌ಬಿಲ್ಟನಿಗೆ ಒಪ್ಪಿಸಿದನು. ಅದೇ ವರ್ಷ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿತು.

ತಾನು ಬದುಕುವುದಿಲ್ಲವೆಂದು ಅವನಿಗೆ ತಿಳಿದುಹೋಯಿತು. ಜೂಲಿಯಾಳ ಗತಿಯೇನೆಂಬುದೊಂದೇ ಚಿಂತೆ. ಹಿಂದೆಂದೂ ಪುಸ್ತಕ ಬರೆಯದವನು ಬರೆಯಲು ಕುಳಿತನು. ಮಾರ್ಕ್ ಟ್ವೇನ್ ನಿವ್ವಳ ಲಾಭದ ನೂರಕ್ಕೆ 70 ಪಾಲು ಕೊಡುವುದಾಗಿ ಒಪ್ಪಿ ಪ್ರಕಟಣೆಯ ಭಾರ ಹೊತ್ತನು. ಹಿರಿಯ ಮಗ ಫ್ರೆಡ್ ಕಾಗದಪತ್ರಗಳನ್ನು ಹುಡುಕಿಕೊಟ್ಟನು. ಕೆಲವು ಕಾಲ ಹೇಳಿ ಬರೆಸಿದನು. ಧ್ವನಿ ಉಡುಗಿದ ಮೇಲೆ ತಾನೇ ಬರೆದನು. ನೀರು ನುಂಗುವುದೂ ಯಾತನೆಯಾಗಿತ್ತು. ವೈದ್ಯರೊಡನೆ ಮಾತೆಲ್ಲ ಚೀಟಿಗಳ ಮೇಲೆ. 1885ರ ಜೂನಿನಲ್ಲಿ ಅವನನ್ನು ನ್ಯೂಯಾರ್ಕಿನ ಬಿಸಿಲಿನಿಂದ ಮೌಂಟ್ ಮೆಕ್‌ಗ್ರೆಗರ್ ಬೆಟ್ಟಕ್ಕೆ ಕರೆದೊಯ್ದರು. ಅಲ್ಲಿಯೂ ಬರೆವಣಿಗೆ ಸಾಗಿತು. ಕೆಲಸ ಮುಗಿಸಿದ ಕೆಲವೇ ದಿನಗಳಲ್ಲಿ, ಜುಲೈ 23ರಂದು, ಅವನು ಕಣ್ಮುಚ್ಚಿದನು.

ಹಳೆಯ ಸೈನಿಕರು ಮನೆಮನೆಗೆ ಹೋಗಿ ಪುಸ್ತಕಕ್ಕೆ ಚಂದಾದಾರರನ್ನು ಕೂಡಿಸಿದರು. ಮೂರು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಹೋದವು. ಜೂಲಿಯಾಳಿಗೆ ಬಂದ ಮೊದಲ ಚೆಕ್ಕೇ ಎರಡು ಲಕ್ಷ ಡಾಲರಿನದು.

ಈಗಲೂ ಆ ಗ್ರಂಥವನ್ನು ತೆರೆದಾಗ ನಾನು ಹುಡುಕುವುದು ಕದನಗಳ ವರ್ಣನೆಯನ್ನಲ್ಲ. ಬೇಸಾಯ ಮಾಡಿ ಸೌದೆ ಮಾರಿದ ಆ ವರ್ಷಗಳಿಗೆ ಅವನು ಕೊಟ್ಟಿರುವುದು ಕೆಲವೇ ಸಾಲು. ದೂರಿಲ್ಲ, ಅಳಲಿಲ್ಲ, ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆನೆಂಬ ಧಾಟಿ. ಸಾಯುತ್ತಿದ್ದವನು ಬರೆದ ಸಾಲುಗಳಿವು ಎಂದು ನೆನೆದು, ಪ್ರತಿ ಸಲವೂ ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ.