ಓಮ್: ಒಂದು ಸಾಲಿನ ಸೂತ್ರದ ಹಿಂದಿನ ಮೇಷ್ಟ್ರು

ಪರೀಕ್ಷೆ ಹತ್ತಿರ ಬಂದಂತೆ ಭೌತಶಾಸ್ತ್ರದ ನೋಟ್ಸಿನ ಕೊನೆಯ ಪುಟದಲ್ಲಿ ಸೂತ್ರಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ವಿದ್ಯುತ್ ಅಧ್ಯಾಯದ ಮೊದಲ ಸಾಲು ಎಲ್ಲರಿಗೂ ಬಾಯಿಪಾಠ: ವಿಭವಾಂತರ = ಪ್ರವಾಹ × ರೋಧ. ಈ ಸಾಲನ್ನು ಕಂಡುಹಿಡಿದವರು ಒಬ್ಬ ಶಾಲಾ ಮೇಷ್ಟ್ರು. ಅವರ ಮೊದಲ ಉತ್ತರ ತಪ್ಪಾಗಿತ್ತು.

ಜಾರ್ಜ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ 1789ರ ಮಾರ್ಚ್ 16ರಂದು ಹುಟ್ಟಿದರು. ತಂದೆ ಬೀಗ ತಯಾರಿಸುವ ಕಸುಬಿನವರು. ಶಾಲೆಯಲ್ಲಿ ಹೆಚ್ಚು ಕಲಿಯದಿದ್ದರೂ ತಾವೇ ಓದಿ ಗಣಿತ ಕಲಿತು, ಮಕ್ಕಳಿಗೂ ಕಲಿಸಿದರು. ಓಮ್‌ಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡರು. ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಹುಡುಗ ನೃತ್ಯ, ಬಿಲಿಯರ್ಡ್ಸ್, ಸ್ಕೇಟಿಂಗ್ ಎಂದು ಕಾಲ ಕಳೆಯತೊಡಗಿದ. ಸಿಟ್ಟಾದ ತಂದೆ ಓದು ಬಿಡಿಸಿ ಸ್ವಿಟ್ಜರ್‌ಲೆಂಡಿಗೆ ಕಳುಹಿಸಿದರು. ಅಲ್ಲಿ ಗಣಿತ ಪಾಠ ಹೇಳುತ್ತಲೇ ಓಮ್ ಸ್ವಂತವಾಗಿ ಓದಿದರು. 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕಲೋನ್ ನಗರದ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕರಾದರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ತಂತಿಯ ಉದ್ದ ಹೆಚ್ಚಿದಂತೆ ಪ್ರವಾಹ ಎಷ್ಟು ಕಡಿಮೆಯಾಗುತ್ತದೆ ಎಂಬುದು ಅವರ ಪ್ರಶ್ನೆ. 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರದಲ್ಲಿ ಲಾಗರಿದಮ್ ಇತ್ತು. ಅದು ಸರಿಯಿರಲಿಲ್ಲ. ಆಗಿನ ಬ್ಯಾಟರಿಗಳ ಬಲ ಅಳೆಯುತ್ತಿರುವಾಗಲೇ ಏರಿಳಿಯುತ್ತಿತ್ತು.

ವಿಜ್ಞಾನ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಬ್ಯಾಟರಿಯ ಬದಲು ಎರಡು ಲೋಹಗಳ ಜೋಡಣೆಯನ್ನು ಬಳಸಿ. ಓಮ್ ತಾಮ್ರ ಮತ್ತು ಬಿಸ್ಮತ್ ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಉಷ್ಣತೆಯ ವ್ಯತ್ಯಾಸ ಬದಲಾಗದ ಕಾರಣ ವಿದ್ಯುತ್ ಬಲವೂ ಸ್ಥಿರವಾಗಿ ನಿಂತಿತು. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಸೇರಿಸಿ, ತೂಗುಬಿಟ್ಟ ಅಯಸ್ಕಾಂತದ ಸೂಜಿಯಿಂದ ಪ್ರವಾಹ ಅಳೆದರು. 1826ರಲ್ಲಿ ಸರಿಯಾದ ಸೂತ್ರ ಸಿಕ್ಕಿತು: ಒಂದು ಸ್ಥಿರಾಂಕವನ್ನು, ಇನ್ನೊಂದು ಸ್ಥಿರಾಂಕ ಮತ್ತು ತಂತಿಯ ಉದ್ದದ ಮೊತ್ತದಿಂದ ಭಾಗಿಸಿದರೆ ಪ್ರವಾಹ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಸ್ಥಿರಾಂಕ ನಾವು ಓದುವ ವಿದ್ಯುಚ್ಚಾಲಕ ಬಲಕ್ಕೆ ಸಂಬಂಧಿಸಿದ್ದು. ಎರಡನೆಯದು ತಂತಿಯ ಹೊರತಾಗಿ ಮಂಡಲದ ಉಳಿದ ಭಾಗದ ರೋಧಕ್ಕೆ. ಕೋಶದ ಆಂತರಿಕ ರೋಧದ ಲೆಕ್ಕ ಇದೇ ರೂಪದ್ದು. 2 ವೋಲ್ಟ್ ಕೋಶದ ಆಂತರಿಕ ರೋಧ 1 ಓಮ್, ಹೊರಗಿನ ತಂತಿಯ ರೋಧ 1 ಓಮ್ ಇದ್ದರೆ ಪ್ರವಾಹ 1 ಆಂಪಿಯರ್. ಅದು ಅರ್ಧ ಆಂಪಿಯರ್ ಆಗಬೇಕಾದರೆ ತಂತಿಯ ರೋಧ 2 ಓಮ್ ಆದರೆ ಸಾಲದು, 3 ಓಮ್ ಆಗಬೇಕು. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ವಾಹಕದ ಉಷ್ಣತೆ ಸ್ಥಿರವಾಗಿರಬೇಕು ಎಂಬ ಷರತ್ತನ್ನೂ ನಿಯಮದ ಜೊತೆ ಬರೆಯಲು ಮರೆಯಬಾರದು.

1827ರಲ್ಲಿ ಓಮ್ ತಮ್ಮ ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ಜರ್ಮನಿಯಲ್ಲಿ ಅದಕ್ಕೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ನಿರೀಕ್ಷಿಸಿದ್ದ ವಿಶ್ವವಿದ್ಯಾಲಯದ ಹುದ್ದೆ ಬರಲಿಲ್ಲ. ನೊಂದ ಅವರು ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬರ್ಲಿನ್‌ನಲ್ಲಿ ಸಣ್ಣಪುಟ್ಟ ಪಾಠಗಳಿಂದ ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಮನ್ನಣೆ ಮಾತ್ರ ದೂರದಿಂದ ಬಂತು: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ನೀಡಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ 1852ರಲ್ಲಿ ಸಿಕ್ಕಾಗ ಅವರಿಗೆ 63 ವರ್ಷ. 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ರೋಧದ ಮೂಲಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು.

ಮಾಡಿದ ಲೆಕ್ಕ ತಪ್ಪಾದರೆ ಓಮ್ ಅದನ್ನು ಮುಚ್ಚಿಡಲಿಲ್ಲ. ತಪ್ಪು ಎಲ್ಲಿಂದ ಬಂತೆಂದು ಹುಡುಕಿ, ಉಪಕರಣವನ್ನೇ ಬದಲಿಸಿ ಮತ್ತೆ ಅಳೆದರು. ನಾವೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ತಪ್ಪಾದ ಲೆಕ್ಕವನ್ನು ಹೊಡೆದುಹಾಕಿ ಮುಂದೆ ಹೋಗುವುದು ಬೇಡ. ಯಾವ ಸಾಲಿನಲ್ಲಿ ಎಡವಿದೆವು ಎಂದು ನೋಡಿ, ಅದನ್ನೇ ಇನ್ನೊಮ್ಮೆ ಮಾಡೋಣ.