ಪ್ರಮಥನಾಥ ಬೋಸ್

ಪ್ರಮಥನಾಥ ಬೋಸ್ (12 ಮೇ 1855 – 27 ಏಪ್ರಿಲ್ 1934) ಅವರು ಭಾರತದ ಆದ್ಯ ಭೂವಿಜ್ಞಾನಿಗಳಲ್ಲಿ ಒಬ್ಬರು. ವಿದ್ಯಾರ್ಥಿವೇತನದ ನೆರವಿನಿಂದ ಲಂಡನ್ನಿನಲ್ಲಿ ಗಣಿವಿಜ್ಞಾನವನ್ನು ಅಭ್ಯಸಿಸಿದ ಇವರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಉನ್ನತ ಶ್ರೇಣಿಯ ಹುದ್ದೆಗೆ ನೇಮಕಗೊಂಡ ಮೊದಲ ಭಾರತೀಯರೆಂದು ಗುರುತಿಸಲ್ಪಟ್ಟಿದ್ದಾರೆ. ಮಯೂರಭಂಜ ಸಂಸ್ಥಾನದಲ್ಲಿ ಇವರು ಪತ್ತೆಹಚ್ಚಿದ ಕಬ್ಬಿಣದ ಅದಿರು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸ್ಥಾಪನೆಗೆ ಆಧಾರವಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಬೋಸ್ ಅವರು ಬಂಗಾಳದ ಗೋಬರಡಾಂಗ ಸಮೀಪದ ಗಾಯಪುರ ಗ್ರಾಮದಲ್ಲಿ ಜನಿಸಿದರು. ಕೃಷ್ಣನಗರದ ಕಾಲೇಜಿನಲ್ಲಿ ಓದಿ, ಬಳಿಕ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜನ್ನು ಸೇರಿದರು. 1874ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದದ್ದು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಹಿಂದೂಸ್ತಾನಿ ಭಾಷೆಯ ವಿದ್ವಾಂಸ ಜಾನ್ ಬೋರ್ತ್‌ವಿಕ್ ಗಿಲ್‌ಕ್ರಿಸ್ಟ್ ಬಿಟ್ಟುಹೋದ ದತ್ತಿಯಿಂದ ನಡೆಯುತ್ತಿದ್ದ ಈ ವೇತನವನ್ನು ಸ್ಪರ್ಧಾ ಪರೀಕ್ಷೆಯ ಮೂಲಕ ನೀಡಲಾಗುತ್ತಿತ್ತು. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅವರೂ ಮುಂದೆ ಇದೇ ವೇತನ ಪಡೆದು ಎಡಿನ್‌ಬರೋದಲ್ಲಿ ಓದಿದರು.

ಲಂಡನ್ ವಿಶ್ವವಿದ್ಯಾಲಯದಿಂದ ವಿಜ್ಞಾನದ ಪದವಿ ಪಡೆದ ಬೋಸ್, ರಾಯಲ್ ಸ್ಕೂಲ್ ಆಫ್ ಮೈನ್ಸ್ ಸಂಸ್ಥೆಯಲ್ಲಿ ವ್ಯಾಸಂಗ ಮುಂದುವರಿಸಿದರು. ಗಣಿಶಿಕ್ಷಣದ ಕಾಲೇಜು ಆಗ ಭಾರತದಲ್ಲಿರಲಿಲ್ಲ. ಆದ್ದರಿಂದ ಈ ವಿಷಯವನ್ನು ಉನ್ನತ ಮಟ್ಟದಲ್ಲಿ ಕಲಿಯಬಯಸುವ ಭಾರತೀಯನಿಗೆ ವಿದೇಶ ಪ್ರಯಾಣ ಅನಿವಾರ್ಯವಾಗಿತ್ತು.

ಸರ್ವೇಕ್ಷಣ ಇಲಾಖೆಯಲ್ಲಿ

1880ರಲ್ಲಿ ಬೋಸ್ ಅವರು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. 1882ರಲ್ಲಿ ಇತಿಹಾಸಕಾರ ರಮೇಶಚಂದ್ರ ದತ್ತರ ಪುತ್ರಿ ಕಮಲಾ ಅವರನ್ನು ವಿವಾಹವಾದರು. ನರ್ಮದಾ ಕಣಿವೆಯಲ್ಲಿಯೂ ಮಧ್ಯಪ್ರಾಂತ್ಯದಲ್ಲಿಯೂ ಅವರು ಸರ್ವೇಕ್ಷಣ ನಡೆಸಿದರು. ರಾಯಪುರ ಜಿಲ್ಲೆಯ ರಾಜಹರಾ ಬೆಟ್ಟಗಳ ಕಬ್ಬಿಣದ ಅದಿರನ್ನು ಕುರಿತ ಅವರ ವರದಿ 1887ರಲ್ಲಿ ಪ್ರಕಟವಾಯಿತು. ಸ್ವಾತಂತ್ರ್ಯಾನಂತರ ಭಿಲಾಯಿ ಉಕ್ಕಿನ ಸ್ಥಾವರಕ್ಕೆ ಅದಿರು ದೊರೆತದ್ದು ಇದೇ ಪ್ರದೇಶದಿಂದ.

ಇಲಾಖೆಯ ಮೇಲಿನ ಹುದ್ದೆಗಳಲ್ಲಿ ಬಹುತೇಕ ಯುರೋಪಿಯನ್ನರೇ ಇದ್ದರು. ಸೇವೆಯಲ್ಲಿ ಹತ್ತು ವರ್ಷ ಕಿರಿಯರಾದ ಥಾಮಸ್ ಹಾಲೆಂಡ್ ಅವರನ್ನು ನಿರ್ದೇಶಕರನ್ನಾಗಿ ನೇಮಿಸಿದಾಗ ಬೋಸ್ 1903ರಲ್ಲಿ ಸೇವೆಯನ್ನು ತೊರೆದರು. ವಿದ್ಯಾರ್ಥಿವೇತನದಿಂದ ವಿದ್ಯೆ ದೊರೆತಿತ್ತು. ಆದರೆ ವಿದ್ಯೆಗೆ ತಕ್ಕ ಸ್ಥಾನ ದೊರೆಯಲಿಲ್ಲ.

ಮಯೂರಭಂಜದ ಅದಿರು

ಅನಂತರ ಬೋಸ್ ಅವರು ಇಂದಿನ ಒಡಿಶಾದಲ್ಲಿರುವ ಮಯೂರಭಂಜ ಸಂಸ್ಥಾನದ ಭೂವಿಜ್ಞಾನಿಯಾದರು. ಅಲ್ಲಿನ ಗೊರುಮಹಿಸಾನಿ ಬೆಟ್ಟದಲ್ಲಿ ಉತ್ಕೃಷ್ಟ ಕಬ್ಬಿಣದ ಅದಿರಿನ ನಿಕ್ಷೇಪವನ್ನು ಗುರುತಿಸಿದರು. 24 ಫೆಬ್ರವರಿ 1904ರಂದು ಜಮ್‌ಶೆಡ್‌ಜಿ ಟಾಟಾ ಅವರಿಗೆ ಪತ್ರ ಬರೆದು ಈ ವಿಷಯ ತಿಳಿಸಿದರು. ಟಾಟಾ ಅವರು ಅದೇ ವರ್ಷ ಮೇ ತಿಂಗಳಲ್ಲಿ ನಿಧನರಾದರೂ ಅವರ ಉತ್ತರಾಧಿಕಾರಿಗಳು ಕಾರ್ಯವನ್ನು ಕೈಬಿಡಲಿಲ್ಲ. 1907ರಲ್ಲಿ ಟಾಟಾ ಕಬ್ಬಿಣ ಮತ್ತು ಉಕ್ಕು ಕಂಪನಿ ಸ್ಥಾಪನೆಯಾಯಿತು. 1912ರಲ್ಲಿ ಸಾಕ್ಚಿಯಲ್ಲಿ ಉಕ್ಕಿನ ಉತ್ಪಾದನೆ ಆರಂಭವಾಯಿತು. ಸಾಕ್ಚಿಯೇ 1919ರಲ್ಲಿ ಜಮ್‌ಶೆಡ್‌ಪುರವೆಂಬ ಹೆಸರು ಪಡೆಯಿತು.

ತಾಂತ್ರಿಕ ಶಿಕ್ಷಣ

ನಾಡಿನ ಖನಿಜ ಸಂಪತ್ತನ್ನು ನಾಡಿನ ಜನರೇ ಬಳಸಬೇಕಾದರೆ ತಾಂತ್ರಿಕ ಶಿಕ್ಷಣ ಅಗತ್ಯವೆಂಬುದು ಬೋಸ್ ಅವರ ದೃಢ ನಿಲುವಾಗಿತ್ತು. 1906ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಬಂಗಾಳ ತಾಂತ್ರಿಕ ಸಂಸ್ಥೆಗೆ ಅವರು ಮೊದಲ ಗೌರವ ಪ್ರಾಂಶುಪಾಲರಾದರು. ಮುಂದೆ ಬೆಳೆದು ಜಾದವಪುರ ವಿಶ್ವವಿದ್ಯಾಲಯವಾದದ್ದು ಇದೇ ಸಂಸ್ಥೆ.

ಗಣಿಶಿಕ್ಷಣದ ಬೇಡಿಕೆ ಆ ಕಾಲದ ಸಾರ್ವಜನಿಕ ಜೀವನದಲ್ಲಿಯೂ ಕೇಳಿಬಂದಿತ್ತು. 1901ರ ಕಲ್ಕತ್ತ ಅಧಿವೇಶನದಲ್ಲಿ ಕಾಂಗ್ರೆಸ್ಸು ಸರ್ಕಾರಿ ಗಣಿ ಎಂಜಿನಿಯರಿಂಗ್ ಕಾಲೇಜಿಗಾಗಿ ಒತ್ತಾಯಿಸಿತು. 1904ರಿಂದ ಭಾರತ ಸರ್ಕಾರವು ವಿದೇಶ ವ್ಯಾಸಂಗಕ್ಕೆ ತಾಂತ್ರಿಕ ವಿದ್ಯಾರ್ಥಿವೇತನಗಳನ್ನು ನೀಡತೊಡಗಿತು. ಗಣಿಗಾರಿಕೆಯೂ ಅವುಗಳ ವಿಷಯಗಳಲ್ಲಿ ಒಂದಾಗಿತ್ತು. ಧನಬಾದಿನ ಗಣಿಶಾಲೆ ತೆರೆದದ್ದು 1926ರಲ್ಲಿ.

ಕರ್ನಾಟಕದ ಸಂದರ್ಭ

ಬೋಸ್ ಅವರು ಸೇವೆಗೆ ಸೇರಿದಾಗ ಅದೇ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದಲ್ಲಿ ಕಾರ್ಯನಿರತರಾಗಿದ್ದರು. ಚಿನ್ನವನ್ನು ಒಳಗೊಂಡ ಶಿಲಾಸಮೂಹಕ್ಕೆ ಧಾರವಾಡ ಶಿಲಾವರ್ಗವೆಂಬ ಹೆಸರು ಕೊಟ್ಟವರು ಅವರೇ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಈ ವರ್ಗದ ಶಿಲೆಗಳಲ್ಲಿಯೇ ಇದೆ. ನಿಜಾಮರ ಆಳ್ವಿಕೆಯಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಹಟ್ಟಿಯ ಗಣಿಯನ್ನು ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ. 1947ರಲ್ಲಿ ಸ್ಥಾಪಿತವಾದ ಕಂಪನಿಯು ಇಂದು ಕರ್ನಾಟಕ ಸರ್ಕಾರದ ಉದ್ಯಮವಾಗಿದೆ. ದೇವದುರ್ಗ ತಾಲ್ಲೂಕಿನ ಊಟಿ ಗಣಿಯೂ ಇದೇ ಕಂಪನಿಗೆ ಸೇರಿದೆ.

ಇಂದು ಗಣಿ ಎಂಜಿನಿಯರಿಂಗ್ ಕಲಿಯಲು ಸಮುದ್ರ ದಾಟಬೇಕಾಗಿಲ್ಲ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಇದರ ಪದವಿ ಶಿಕ್ಷಣವಿದೆ. ಆದರೂ ರಾಯಚೂರು, ಮಾನ್ವಿ, ದೇವದುರ್ಗಗಳ ಬಡ ಕುಟುಂಬದ ವಿದ್ಯಾರ್ಥಿಗೆ ಕರಾವಳಿಯಲ್ಲಿದ್ದು ಓದುವ ವೆಚ್ಚ ದೊಡ್ಡ ಹೊರೆಯೇ. 2015ರ ಕಾನೂನು ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಗಣಿ ಗುತ್ತಿಗೆದಾರರಿಂದ ಹಣ ಪಡೆಯುತ್ತವೆ. ಅದರ ವಿನಿಯೋಗದ ಆದ್ಯತೆಗಳಲ್ಲಿ ಶಿಕ್ಷಣವೂ ಒಂದು. ನೆಲದಡಿಯ ಸಂಪತ್ತಿನ ಒಂದು ಪಾಲು ಅದೇ ನೆಲದ ಮಕ್ಕಳ ಓದಿಗೆ ಸಲ್ಲುವ ಈ ವ್ಯವಸ್ಥೆ ಬೋಸ್ ಅವರ ನಿಲುವಿಗೆ ಹೊಂದುವಂಥದು.

ಕೊನೆಯ ವರ್ಷಗಳು

ಬೋಸ್ ಅವರು ಬ್ರಿಟಿಷ್ ಆಳ್ವಿಕೆಯ ಕಾಲದ ಹಿಂದೂ ನಾಗರಿಕತೆಯನ್ನು ಕುರಿತು ಇತಿಹಾಸ ಗ್ರಂಥವನ್ನೂ ರಚಿಸಿದ್ದಾರೆ. ಕೊನೆಯ ವರ್ಷಗಳನ್ನು ರಾಂಚಿಯಲ್ಲಿ ಕಳೆದು, 1934ರಲ್ಲಿ ಅಲ್ಲಿಯೇ ನಿಧನರಾದರು. ಅವರ ಪುತ್ರ ಮಧು ಬೋಸ್ ಚಲನಚಿತ್ರ ನಿರ್ದೇಶಕರಾಗಿ ಪ್ರಸಿದ್ಧರಾದರು. ಜಮ್‌ಶೆಡ್‌ಪುರದಲ್ಲಿ ಬೋಸ್ ಅವರ ಸ್ಮಾರಕ ಪ್ರತಿಮೆಯಿದೆ.