ಮೊಗ್ಲಿಂಗ್ ಕಟ್ಟಿದ ಟೀಮು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, ಅದು ಹೊರಬಂದದ್ದು 1843ರ ಜುಲೈ 1ರಂದು, ಸಂಪಾದಕರು ಹರ್ಮನ್ ಮೊಗ್ಲಿಂಗ್. ಕ್ವಿಜ್‌ಗೆ ಓದಿಕೊಂಡವರಿಗೆ ಇಷ್ಟು ಬಾಯಿಪಾಠ. ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸುವುದೂ ಇದೇ ಕಾರಣಕ್ಕೆ. ಆದರೆ ಈ ಮೊಗ್ಲಿಂಗ್ ಅವರು ಮುಂದೆ ಕೊಡಗಿಗೆ ಬಂದು ಏಳು ವರ್ಷ ಇದ್ದರು, ಅಲ್ಲಿ ಕಾಫಿ ನೆಚ್ಚಿಕೊಂಡು ಒಂದು ಊರನ್ನೇ ಕಟ್ಟೋಕೆ ಹೊರಟರು ಅನ್ನೋದು ಅಷ್ಟಾಗಿ ಯಾರ ಬಾಯಲ್ಲೂ ಬರೋದಿಲ್ಲ.

ಈ ಸಂಚಿಕೆಗೆ ನಾವು ಅವರನ್ನು ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ. ಕ್ಯಾಂಪಸ್‌ನಲ್ಲಿ ಈಗ ಎಲ್ಲಿ ನೋಡಿದರೂ ಸ್ಟಾರ್ಟ್‌ಅಪ್ ಮಾತು. ಐಡಿಯಾ ಬಗ್ಗೆ, ಫಂಡಿಂಗ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಒಳ್ಳೆಯ ಜನರನ್ನು ಎಲ್ಲಿಂದ ತರೋದು, ಬಂದವರಿಗೆ ಯಾವ ಕೆಲಸ ಕೊಡೋದು, ಶುರು ಮಾಡಿದವನು ಹೊರಟುಹೋದರೆ ಮುಂದೇನು ಅನ್ನೋದು ಮಾತ್ರ ಕೊನೆಗೆ ಉಳಿದುಬಿಡುತ್ತೆ. ಮೊಗ್ಲಿಂಗ್ ಬದುಕಿನಲ್ಲಿ ಈ ಮೂರೂ ಪ್ರಶ್ನೆ ಎದ್ದಿವೆ. ಎರಡಕ್ಕೆ ಅವರು ಚೆನ್ನಾಗಿ ಉತ್ತರ ಕೊಟ್ಟರು. ಮೂರನೆಯದಕ್ಕೆ ಒಂದು ಕಡೆ ಗೆದ್ದರು, ಇನ್ನೊಂದು ಕಡೆ ಸೋತರು.

ಮಂಗಳೂರಿನ ದಿನಗಳು

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿ, 1836ರ ಕೊನೆಯಲ್ಲಿ ಬಾಸೆಲ್ ಮಿಶನ್ ಪರವಾಗಿ ಮಂಗಳೂರಿಗೆ ಬಂದರು. ಮಿಶನ್ ಮಂಗಳೂರಿನಲ್ಲಿ ಕಾಲಿಟ್ಟು ಆಗಿನ್ನೂ ಎರಡು ವರ್ಷ. ಮುಂದೆ ಹೆಸರು ಮಾಡಿದ ನೇಯ್ಗೆ ಕಾರ್ಖಾನೆ, ಖಾಕಿ ಬಣ್ಣ, ಮಂಗಳೂರು ಹಂಚು ಯಾವುದೂ ಆಗ ಇರಲಿಲ್ಲ. ಕೈಬೆರಳಲ್ಲಿ ಎಣಿಸುವಷ್ಟು ಜನ, ಕಡಿಮೆ ದುಡ್ಡು, ಯಾವ ಪ್ರಶ್ನೆ ಇದ್ದರೂ ಹಡಗಿನಲ್ಲಿ ಪತ್ರ ಹೋಗಿ ಯುರೋಪಿನ ಬಾಸೆಲ್‌ನ ಸಮಿತಿಯಿಂದ ಉತ್ತರ ಬರಬೇಕು.

ಮತಪ್ರಚಾರವೇ ಅವರ ಗುರಿಯಾಗಿತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದಕ್ಕೆ ಅವರು ಹಿಡಿದ ದಾರಿ ಬೇರೆ. ಹೊರಗಿಂದ ಜನ ತರಿಸಿಕೊಳ್ಳುವುದಕ್ಕಿಂತ ಇಲ್ಲಿಯವರನ್ನೇ ತಯಾರು ಮಾಡಬೇಕು ಅಂತ ವಸತಿ ಶಾಲೆ ತೆರೆದರು, ಹುಡುಗರ ಜೊತೆಯಲ್ಲೇ ಇದ್ದು ಕಲಿಸಿದರು. ತಾವೂ ಕನ್ನಡ ಕಲಿತರು. ಬರೀ ಉಪದೇಶಕ್ಕೆ ಬೇಕಾಗುವಷ್ಟಲ್ಲ, ಗಾದೆ ಕೂಡಿಸುವಷ್ಟು, ಹಳೆಯ ಕಾವ್ಯ ಓದುವಷ್ಟು.

ಒಬ್ಬೊಬ್ಬರಿಗೂ ಅವರವರ ಕೆಲಸ

ಮೊಗ್ಲಿಂಗ್ ಸುತ್ತ ಸೇರಿದವರನ್ನು ನೋಡಿದರೆ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ.

ಮೊದಲನೆಯವರು ಗಾಟ್‌ಫ್ರೀಡ್ ವೈಗ್ಲೆ. 1841ರಲ್ಲಿ ಮಂಗಳೂರಿನ ಕಲ್ಲಚ್ಚಿನ ಪ್ರೆಸ್ ಶುರುವಾದದ್ದು ಇವರು ಮುಂಬಯಿಗೆ ಹೋಗಿ ಯಂತ್ರ, ಸಾಮಾನು, ಜೊತೆಗೆ ಅಚ್ಚಿನ ಕೆಲಸ ಬಲ್ಲವರನ್ನೂ ಕರೆತಂದಾಗ. ಯಂತ್ರ ತಂದು ಆಪರೇಟರ್ ಇಲ್ಲದೆ ಮೂಲೆಗೆ ತಳ್ಳುವ ಕಥೆ ನಾವು ಎಷ್ಟೋ ಲ್ಯಾಬ್‌ಗಳಲ್ಲಿ ನೋಡಿದ್ದೀವಿ. ಇಲ್ಲಿ ಹಾಗಾಗಲಿಲ್ಲ. ಎರಡು ವರ್ಷಕ್ಕೆ ಅದೇ ಪ್ರೆಸ್ಸಿನಿಂದ ‘ಮಂಗಳೂರ ಸಮಾಚಾರ’ ಬಂತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು.

ಎರಡನೆಯವರು ಕ್ಯಾಸಮೇಜರ್. ಮದರಾಸು ಪ್ರಾಂತ್ಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿ ನೀಲಗಿರಿಯಲ್ಲಿ ನೆಲೆಸಿದ್ದವರು. ಕನ್ನಡ ಕಾವ್ಯಗಳನ್ನು ಅಚ್ಚು ಮಾಡಿಸಲು ಹಣ ಕೊಟ್ಟವರು ಇವರು. ಅದರಿಂದ 1848ರಿಂದ ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಹೊರಬಂತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಹೀಗೆ ತಾಳೆಗರಿಯಲ್ಲೂ ಬಾಯಲ್ಲೂ ಇದ್ದವು ಅಚ್ಚಿಗೆ ಹತ್ತಿದವು. ಕ್ರೈಸ್ತ ಪಾದ್ರಿಯೊಬ್ಬರು ಬಸವಪುರಾಣ ಅಚ್ಚು ಹಾಕಿಸಿದ್ದು ಸಣ್ಣ ಮಾತೇನಲ್ಲ.

ಮೂರನೆಯವರು ಆನಂದರಾವ್ ಕೌಂಡಿನ್ಯ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ ಅವರು ದೀಕ್ಷೆ ಪಡೆದಾಗ ಊರಲ್ಲಿ ದೊಡ್ಡ ಗದ್ದಲ ಆಯಿತು. ಒಬ್ಬರನ್ನು ಪಡೆಯುವಾಗ ಒಂದು ಇಡೀ ಕುಟುಂಬದ, ಊರಿನ ನಂಬಿಕೆ ಕಳೆದುಕೊಳ್ಳಬೇಕಾಯಿತು. ಮೊಗ್ಲಿಂಗ್ ಕೆಲಸದ ಉದ್ದಕ್ಕೂ ಈ ಬೆಲೆ ಇದ್ದೇ ಇತ್ತು. ಆದರೆ ಕೌಂಡಿನ್ಯರನ್ನು ಅವರು ಸಹಾಯಕನಾಗಿ ಉಳಿಸಿಕೊಳ್ಳಲಿಲ್ಲ. 1846ರಲ್ಲಿ ತಮ್ಮ ಜೊತೆಗೇ ಬಾಸೆಲ್‌ಗೆ ಕರೆದುಕೊಂಡು ಹೋಗಿ, ಜರ್ಮನ್ ಹುಡುಗರು ಓದುವ ಕಡೆಯೇ ಓದಿಸಿದರು. ಕೌಂಡಿನ್ಯರು 1851ರಲ್ಲಿ ತಾವೇ ಒಬ್ಬ ಮಿಶನರಿಯಾಗಿ ವಾಪಸು ಬಂದರು. ಕಂಪನಿ ಸರ್ಕಾರದ ಆ ಕಾಲದಲ್ಲಿ ಇಲ್ಲಿಯವರೊಬ್ಬರನ್ನು ಬಿಳಿಯರ ಸರಿಸಮಕ್ಕೆ ಕೂರಿಸುವುದು ಎಷ್ಟು ದೊಡ್ಡ ಹೆಜ್ಜೆ ಅಂತ ಯೋಚಿಸಿ. ಪ್ರತಿಭೆ ಇದ್ದವನಿಗೆ ಕೆಲಸ ಕೊಡುವುದು ಸುಲಭ. ತನ್ನ ಪಕ್ಕದ ಕುರ್ಚಿ ಕೊಡುವುದು ಕಷ್ಟ.

ಕೊಡಗಿನ ದಾರಿ

1852ರ ಹೊತ್ತಿಗೆ ಮೊಗ್ಲಿಂಗ್ ಊರಿಗೆ ಮರಳುವ ತಯಾರಿಯಲ್ಲಿದ್ದರು. ಆಗ ಅಳಮಂಡ ಸೋಮಯ್ಯ ಎಂಬ ಕೊಡವರು ಅವರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. ಆ ಭೇಟಿಯಿಂದ ಮೊಗ್ಲಿಂಗ್ ಹಡಗು ಹತ್ತುವುದನ್ನು ಬಿಟ್ಟು ಘಟ್ಟ ಹತ್ತಿದರು. ಬಾಸೆಲ್ ಸಮಿತಿ ಇದಕ್ಕೆ ಒಪ್ಪಲಿಲ್ಲ. ಆದರೂ ಅವರು ನಿಲ್ಲಲಿಲ್ಲ. ತಮ್ಮ ಜವಾಬ್ದಾರಿಯಲ್ಲೇ 1853ರಲ್ಲಿ ಕೊಡಗಿನಲ್ಲಿ ಕೆಲಸ ಶುರು ಮಾಡಿದರು. ದೊಡ್ಡ ಸಂಸ್ಥೆಯ ನೆರಳಿನಿಂದ ಹೊರಗೆ ಬಂದು ಸ್ವಂತಕ್ಕೆ ನಿಂತದ್ದು ಇದೇ ಮೊದಲು.

ಕೊಡಗು ಬ್ರಿಟಿಷರ ಕೈಗೆ ಬಂದು ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ಎಸ್ಟೇಟ್ ತೆರೆದ ಮೇಲೆ ಸುತ್ತಲಿನ ಕಾಡೆಲ್ಲ ತೋಟವಾಗತೊಡಗಿತು. ತೋಟಕ್ಕೆ ಜನ ಬೇಕು. ಆ ಕಾಲದ ವ್ಯವಸ್ಥೆ ಅಂದರೆ ಮೇಸ್ತ್ರಿಗೆ ಮುಂಗಡ ಕೊಡುವುದು, ಅವನು ಬಯಲುಸೀಮೆಯಿಂದಲೂ ಘಟ್ಟದ ಕೆಳಗಿಂದಲೂ ಆಳುಗಳನ್ನು ಕರೆತರುವುದು. ಮುಂಗಡ ತೀರುವವರೆಗೆ ಆಳು ಬಿಟ್ಟು ಹೋಗುವಂತಿಲ್ಲ. ಹೋದರೆ 1859ರ ಕಾಯ್ದೆಯ ಪ್ರಕಾರ ಶಿಕ್ಷೆಯೂ ಇತ್ತು. ಜನರನ್ನು ಆಕರ್ಷಿಸುವ ಮಾತೇ ಇಲ್ಲ, ಸಾಲದಲ್ಲಿ ಕಟ್ಟಿಹಾಕುವುದಷ್ಟೇ. ಸ್ಥಳೀಯ ಹಿಡುವಳಿಗಳಲ್ಲಂತೂ ದಲಿತ ಕುಟುಂಬಗಳು ತಲೆತಲಾಂತರದಿಂದ ಜೀತಕ್ಕಿದ್ದವು.

ಮೊಗ್ಲಿಂಗ್ ಕೆಲಸ ಕೊನೆಗೆ ನೆಲೆ ನಿಂತದ್ದು ಈ ದಲಿತ ಕುಟುಂಬಗಳ ನಡುವೆಯೇ. ಅಮ್ಮತ್ತಿಯ ಕಡೆ ಆನಂದಪುರ ಎಂಬ ಊರು ಎದ್ದಿತು. ಜೀತ ಬಿಟ್ಟು ಬಂದವರಿಗೆ ನೆಲ, ಮನೆ, ಶಾಲೆ, ದುಡಿಯಲು ಕಾಫಿ. ಇದೇ ಹೊತ್ತಿಗೆ ಅವರು ಕೊಡಗಿನ ಇತಿಹಾಸ, ಜನಜೀವನ ಕುರಿತು ‘ಕೂರ್ಗ್ ಮೆಮೊಯಿರ್ಸ್’ ಎಂಬ ಇಂಗ್ಲಿಷ್ ಪುಸ್ತಕವನ್ನೂ ಬರೆದರು, ಅದು 1855ರಲ್ಲಿ ಬಂತು. ಅದೇ ವರ್ಷ ವೈಗ್ಲೆ ತೀರಿಹೋದರು. ಮುಂದೆ ಅವರ ಹೆಂಡತಿ ಪೌಲೀನಾ ಅವರನ್ನು ಮೊಗ್ಲಿಂಗ್ ಮದುವೆಯಾದರು. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಎಡವಿದ್ದು ಎಲ್ಲಿ?

ನಮಗೆ ಕಂಡ ಮಟ್ಟಿಗೆ, ಮೊಗ್ಲಿಂಗ್ ಶುರು ಮಾಡುವುದರಲ್ಲಿ ಜೋರು. ಶಾಲೆ, ಪತ್ರಿಕೆ, ಗ್ರಂಥಮಾಲೆ, ಕೊನೆಗೆ ಊರು, ಒಂದಾದ ಮೇಲೊಂದು. ಪುಸ್ತಕದ ಕೆಲಸದಲ್ಲಿ ಅವರ ಸುತ್ತ ಒಂದು ಬಳಗವೇ ಇತ್ತು. ಆನಂದಪುರದಲ್ಲಿ ಹಾಗಾಗಲಿಲ್ಲ. ಅಲ್ಲಿ ನೆಲ, ಕಾಫಿ, ಜನರ ಜಗಳ, ಹಣ ಎಲ್ಲಕ್ಕೂ ಅವರೇ ಬೇಕು. ಕಾಫಿ ಗಿಡ ಫಸಲಿಗೆ ಬರೋಕೆ ಮೂರ್ನಾಲ್ಕು ವರ್ಷ ಬೇಕು. ಜೀತದಿಂದ ಬಂದ ಮನುಷ್ಯ ತನ್ನ ಕಾಲ ಮೇಲೆ ನಿಲ್ಲೋಕೆ ಇನ್ನೂ ಹೆಚ್ಚು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಅವರು ಜರ್ಮನಿಗೆ ಹೊರಡಬೇಕಾಯಿತು. ಆನಂದಪುರ ಆಗಿನ್ನೂ ಎಳೆಗೂಸು. ಹಿಂದೆಯೇ ಕೊಡಗಿನ ಕಾಫಿಗೆ ಕಾಂಡಕೊರಕದ ಕಾಟ ಬಂತು, ಆಮೇಲೆ ಎಲೆ ತುಕ್ಕು ರೋಗ.

ಮೊಗ್ಲಿಂಗ್ ಮತ್ತೆ ಬರಲಿಲ್ಲ. ಅಲ್ಲಿಂದಲೇ ಕನ್ನಡ ಪದಗಳನ್ನು ಜರ್ಮನ್‌ಗೆ ಅನುವಾದಿಸಿದರು, 1866ರಲ್ಲಿ ಕೊಡಗಿನ ಬಗ್ಗೆ ಜರ್ಮನ್ ಪುಸ್ತಕವೊಂದನ್ನೂ ತಂದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಆನಂದಪುರವನ್ನು ಮಿಶನ್ ಮುಂದುವರಿಸಿತು, ಕೌಂಡಿನ್ಯರೂ ಮುಂದೆ ಅಲ್ಲಿನ ಕೆಲಸಕ್ಕೆ ಹೆಗಲು ಕೊಟ್ಟರು. ಊರು ಉಳಿಯಿತು, ಆದರೆ ಮೊಗ್ಲಿಂಗ್ ಅಂದುಕೊಂಡಷ್ಟು ಬೆಳೆಯಲಿಲ್ಲ.

ಆದರೆ ಇನ್ನೊಂದು ಕೆಲಸ ಬೆಳೆಯಿತು. 1853ರಲ್ಲಿ, ಮೊಗ್ಲಿಂಗ್ ಕೊಡಗಿಗೆ ಹೊರಟ ವರ್ಷವೇ, ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಬಾಸೆಲ್‌ನಿಂದ ಇಲ್ಲಿಗೆ ಬಂದಿದ್ದ. ಹೆಸರು ಫರ್ಡಿನಾಂಡ್ ಕಿಟೆಲ್. ಮುಂದೆ ಅವರೂ ಮಡಿಕೇರಿ, ಆನಂದಪುರಗಳಲ್ಲಿ ಇದ್ದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. ಮೊಗ್ಲಿಂಗ್ ಬಳಗ ಅಚ್ಚು ಹಾಕಿಸಿದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳೆಲ್ಲ ಆ ನಿಘಂಟಿಗೆ ಆಧಾರವಾದವು. ಶುರು ಮಾಡಿದವರು ದೂರ ಹೋಗಿ, ತೀರಿಹೋಗಿ ಹದಿಮೂರು ವರ್ಷವಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಯಾಕೆ ಅಂದರೆ ಅದು ಅಚ್ಚಿನಲ್ಲಿತ್ತು, ಯಾರು ಬೇಕಾದರೂ ಎತ್ತಿಕೊಂಡು ಮುಂದುವರಿಸಬಹುದಿತ್ತು.

ಕಂಪನಿ ಶುರು ಮಾಡಬೇಕು ಅಂತಿರುವ ಗೆಳೆಯರಿಗೆ ನಾವು ಹೇಳೋದು ಇಷ್ಟೇ. ಜೊತೆಗೆ ಬಂದವರಿಗೆ ಕೌಂಡಿನ್ಯರಿಗೆ ಸಿಕ್ಕಂಥ ಕುರ್ಚಿ ಕೊಡಿ. ನಿಮ್ಮ ತಲೆಯಲ್ಲಿರೋದನ್ನು ಕಿಟೆಲ್‌ರಂಥ ಒಬ್ಬರು ಎತ್ತಿಕೊಳ್ಳುವ ಹಾಗೆ ಬರೆದಿಡಿ. ಕ್ಲಬ್ ನಡೆಸುವ ಫೈನಲ್ ಇಯರ್‌ನವರಿಗೂ ಇದೇ ಮಾತು. ಮೇ ತಿಂಗಳಲ್ಲಿ ನೀವು ಹೊರಡ್ತೀರಿ, ಆಗಸ್ಟ್‌ನಲ್ಲಿ ಪತ್ರಿಕೆ ಬರಬೇಕಲ್ಲ.